ಮೊಡವೆಗೆ ಹಚ್ಚದ ಮೊಡವೆ ಮುಲಾಮು

ಕಳೆದ ನವೆಂಬರಿನಲ್ಲಿ ರಾಯಚೂರಿನ ಚರ್ಮರೋಗ ತಜ್ಞರೊಬ್ಬರು ನನಗೆ ಅಡಾಪಲೀನ್ ಎಂಬ ಮುಲಾಮನ್ನು ಬರೆದುಕೊಟ್ಟಾಗ ಹೇಳಿದ ಸೂಚನೆಗಳು ಮೂರೇ ಮೂರು: ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು ಮಾತ್ರ, ಮತ್ತು ಮುಖಕ್ಕೆಲ್ಲ. ಮೊದಲ ಎರಡನ್ನು ಪಾಲಿಸಿದೆ, ಮೂರನೆಯದನ್ನು ಪಾಲಿಸಲಿಲ್ಲ. ಗದ್ದದ ಮೇಲೆ ಐದು, ದವಡೆಯ ಅಂಚಿನಲ್ಲಿ ಮೂರು ಮೊಡವೆಗಳಿದ್ದ ನನಗೆ, ಏನೂ ಇಲ್ಲದ ಹಣೆಗೂ ಕೆನ್ನೆಗೂ ಔಷಧಿ ಸವರುವುದು ಬೆಳೆಯಿಲ್ಲದ ಹೊಲಕ್ಕೆ ಗೊಬ್ಬರ ಎರಚಿದಂತೆ ಕಂಡಿತು. ಹೀಗಾಗಿ ಹತ್ತು ರಾತ್ರಿ, ಸಿಂಧನೂರಿನ ನಮ್ಮ ಮನೆಯ ಕನ್ನಡಿಯ ಮುಂದೆ ನಿಂತು, ಒಂದೊಂದು ಮೊಡವೆಯ ತಲೆಯ ಮೇಲೂ ಒಂದೊಂದು ಚುಕ್ಕೆ ಇಟ್ಟುಕೊಂಡು ಮಲಗಿದೆ. ಹನ್ನೊಂದನೆಯ ದಿನ ಆ ಎಂಟು ಮೊಡವೆಗಳ ಸುತ್ತಲಿನ ಚರ್ಮ ಕೆಂಪಾಗಿ ಸುಲಿದಿತ್ತು, ಮೊಡವೆಗಳು ಇದ್ದಲ್ಲೇ ಇದ್ದವು, ಹಣೆಯ ಮೇಲೆ ಹೊಸದಾಗಿ ಎರಡು ಎದ್ದಿದ್ದವು.

ದೂರವಾಣಿಯಲ್ಲಿ ಅಳಲು ತೋಡಿಕೊಂಡಾಗ ವೈದ್ಯರು ಬೇಸರಿಸದೆ ಒಂದು ಮಾತು ಹೇಳಿದರು: ಈ ಮುಲಾಮು ಇವತ್ತು ಕಾಣುವ ಮೊಡವೆಗಲ್ಲ, ಇನ್ನೆರಡು ತಿಂಗಳಿಗೆ ಕಾಣಬೇಕಾಗಿರುವ ಮೊಡವೆಗೆ. ಅಡಾಪಲೀನ್ ಸೇರಿದ ರೆಟಿನಾಯ್ಡ್ ಬಳಗದ ಮುಲಾಮುಗಳ ಬಗ್ಗೆ ಜನರಲ್ಲಿರುವ ಗೊಂದಲಗಳೆಲ್ಲ, ಅಂದರೆ ಮುಖಕ್ಕೆಲ್ಲ ಏಕೆ ಹಚ್ಚಬೇಕು, ಮೊದಲು ಹೆಚ್ಚಾಗಿ ಆಮೇಲೆ ಏಕೆ ಕಡಿಮೆಯಾಗುತ್ತದೆ, ಮೂರು ತಿಂಗಳು ಏಕೆ ಕಾಯಬೇಕು, ವಾಸಿಯಾದ ಮೇಲೂ ಏಕೆ ಮುಂದುವರಿಸಬೇಕು ಎಂಬ ಪ್ರಶ್ನೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಸುತ್ತುತ್ತವೆ. ಅದು ಅರ್ಥವಾಗಬೇಕಾದರೆ ಮೊಡವೆ ಹುಟ್ಟುವ ಜಾಗಕ್ಕೆ ಇಳಿಯಬೇಕು.

ಚರ್ಮದ ಮೇಲಿನ ಒಂದೊಂದು ರಂಧ್ರವೂ ಕೂದಲಿನ ಬುಡದಿಂದ ಮೇಲೆ ಬರುವ ಕಿರಿದಾದ ನಾಳ. ಅದರ ಮಗ್ಗುಲಲ್ಲಿ ಅಂಟಿಕೊಂಡಿರುವ ಎಣ್ಣೆಗ್ರಂಥಿಯು ಸೀಬಮ್ ಎಂಬ ಜಿಡ್ಡನ್ನು ನಾಳದೊಳಕ್ಕೆ ಬಿಡುತ್ತದೆ. ಹರೆಯ ಬಂದೊಡನೆ ಆಂಡ್ರೊಜೆನ್ ಹಾರ್ಮೋನುಗಳ ಪ್ರಭಾವದಿಂದ ಈ ಗ್ರಂಥಿ ಹಿಗ್ಗಿ ಹೆಚ್ಚು ಜಿಡ್ಡು ಸುರಿಸತೊಡಗುತ್ತದೆ. ನಾಳದ ಒಳಗೋಡೆಯ ಜೀವಕೋಶಗಳು ಸತ್ತು, ಬಿಡಿಬಿಡಿಯಾಗಿ ಉದುರಿ, ಈ ಜಿಡ್ಡಿನೊಂದಿಗೆ ಹೊರಗೆ ಬಂದುಬಿಡಬೇಕು. ಮೊಡವೆಯಾಗುವ ಮುಖದಲ್ಲಿ ಅವು ಅಗತ್ಯಕ್ಕಿಂತ ಹೆಚ್ಚು ಹುಟ್ಟುತ್ತವೆ, ಉದುರುವ ಬದಲು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತು ಜಿಡ್ಡಿನೊಂದಿಗೆ ಕಲೆತು ನಾಳದ ಬಾಯಿಯಲ್ಲಿ ಸಣ್ಣ ಬಿರಡೆಯಾಗುತ್ತವೆ. ಈ ಬಿರಡೆಗೆ ಮೈಕ್ರೊಕೊಮಿಡೋನ್ ಎಂದು ಹೆಸರು. ಬರಿಗಣ್ಣಿಗೆ ಅದು ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ; ಕನ್ನಡಿಯಲ್ಲಿ ನುಣುಪಾಗಿ ಕಾಣುವ ಹಣೆಯ ತುಂಬ ಅವು ಇರಬಹುದು. ಅಲ್ಲಿಂದ ಕಣ್ಣಿಗೆ ಬೀಳುವ ಮೊಡವೆಯಾಗಲು ಅದಕ್ಕೆ ಹಲವು ವಾರಗಳು, ಹೆಚ್ಚೂಕಡಿಮೆ ಎರಡು ತಿಂಗಳು ಬೇಕು.

ತುಂಗಭದ್ರಾ ಎಡದಂಡೆ ನಾಲೆಯ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ವಿತರಣಾ ಕಾಲುವೆಯಲ್ಲಿ ಹೂಳು ಒಂದೇ ದಿನಕ್ಕೆ ತುಂಬುವುದಿಲ್ಲ; ನೀರು ಹರಿಯುತ್ತಿರುವಾಗ ತಳದಲ್ಲಿ ಏನು ಕೂಡುತ್ತಿದೆಯೆಂದು ಮೇಲಿನಿಂದ ನೋಡಿದವರಿಗೆ ತಿಳಿಯುವುದೂ ಇಲ್ಲ. ಒಂದು ದಿನ ನೀರು ಮುಂದೆ ಹೋಗಲಾರದೆ ಏರಿ, ಮೆತ್ತಗಿರುವ ಜಾಗದಲ್ಲಿ ಕಾಲುವೆ ಒಡೆದು ಪಕ್ಕದ ಗದ್ದೆಗೆ ನುಗ್ಗಿದಾಗ ಮಾತ್ರ ಊರೆಲ್ಲ ಓಡಿಬರುತ್ತದೆ. ಮೊಡವೆಯೂ ಹಾಗೆಯೇ. ಬಿರಡೆಯ ಹಿಂದೆ ಜಿಡ್ಡು ಕೂಡುತ್ತದೆ. ಬಾಯಿ ತೆರೆದಿದ್ದರೆ ಅದು ಬ್ಲ್ಯಾಕ್‌ಹೆಡ್, ಮುಚ್ಚಿದ್ದರೆ ವೈಟ್‌ಹೆಡ್. (ಬ್ಲ್ಯಾಕ್‌ಹೆಡ್ಡಿನ ಕಪ್ಪು ಧೂಳಲ್ಲ, ಗಾಳಿಗೆ ತೆರೆದುಕೊಂಡ ಜಿಡ್ಡು ಮತ್ತು ಚರ್ಮದ ವರ್ಣದ್ರವ್ಯದ ಬಣ್ಣ, ಎಷ್ಟು ತಿಕ್ಕಿದರೂ ಹೋಗದಿರುವುದಕ್ಕೆ ಕಾರಣ ಅದೇ.) ಎಲ್ಲರ ಚರ್ಮದ ಮೇಲೂ ವಾಸಿಸುವ, ಆಮ್ಲಜನಕವನ್ನು ಇಷ್ಟಪಡದ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಕ್ಕೆ ಈ ಮುಚ್ಚಿದ, ಜಿಡ್ಡು ತುಂಬಿದ ಕೋಣೆ ಹೇಳಿ ಮಾಡಿಸಿದ ಜಾಗ. ಅದು ಹೆಚ್ಚುತ್ತದೆ, ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ, ನಾಳದ ಗೋಡೆ ಒಡೆದು ಒಳಗಿನದೆಲ್ಲ ಸುತ್ತಲಿನ ಚರ್ಮಕ್ಕೆ ನುಗ್ಗುತ್ತದೆ. ಕೆಂಪಾಗಿ, ನೋವಾಗಿ, ಕೀವು ತುಂಬಿ ನಾವು ನೋಡುವ ಮೊಡವೆ ಈ ಒಡೆದ ಕಾಲುವೆ.

ಒಡೆದ ಜಾಗಕ್ಕೆ ಮರಳಿನ ಚೀಲ ಹಾಕುವ ಔಷಧಿಗಳು ಬೇರೆ ಇವೆ. ರೆಟಿನಾಯ್ಡ್ ಮಾಡುವುದು ಹೂಳೆತ್ತುವ ಕೆಲಸ, ಅದಕ್ಕಿಂತ ಮಿಗಿಲಾಗಿ ಹೂಳು ಕೂಡದಂತೆ ನೋಡಿಕೊಳ್ಳುವ ಕೆಲಸ. ಹೂಳೆತ್ತುವವರು ಕಾಲುವೆ ಒಡೆದ ಒಂದೇ ಜಾಗದಲ್ಲಿ ಸಲಿಕೆ ಹಾಕಿದರೆ ಏನಾಗುತ್ತದೆಯೋ ನನ್ನ ಮೊದಲ ಹತ್ತು ರಾತ್ರಿಗಳಲ್ಲಿ ಆದದ್ದೂ ಅದೇ.

ರೆಟಿನಾಯ್ಡ್ ಎಂದರೆ ಎ ಜೀವಸತ್ವ ಮತ್ತು ಅದರ ಬಂಧುಬಳಗ. ಮುಖಕ್ಕೆ ಹಚ್ಚಿದ ಔಷಧಿ ಜೀವಕೋಶದೊಳಗೆ ಇಳಿದು, ಅದರ ಕೇಂದ್ರದಲ್ಲಿರುವ ರೆಟಿನಾಯಿಕ್ ಆಮ್ಲದ (ಎ ಜೀವಸತ್ವದ ಕ್ರಿಯಾಶೀಲ ರೂಪ) ಗ್ರಾಹಕಗಳಿಗೆ, ಅಂದರೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿಗೆ, ಅಂಟಿಕೊಂಡು, ಯಾವ ಜೀನ್‌ಗಳು ಕೆಲಸ ಮಾಡಬೇಕು, ಯಾವುವು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತದೆ. ಅದರ ಫಲವಾಗಿ ನಾಳದ ಗೋಡೆಯ ಜೀವಕೋಶಗಳು ಕ್ರಮವಾಗಿ ಬೆಳೆದು ಅಂಟಿಕೊಳ್ಳದೆ ಉದುರುತ್ತವೆ, ಇದ್ದ ಬಿರಡೆ ಸಡಿಲವಾಗುತ್ತದೆ, ಹೊಸದು ಕಟ್ಟುವುದು ಕಡಿಮೆಯಾಗುತ್ತದೆ, ಜೊತೆಗೆ ಉರಿಯೂತವೂ ತಗ್ಗುತ್ತದೆ. ಅಂದರೆ ಇದು ಮೊಡವೆಯನ್ನು ಸುಡುವ ಮದ್ದೂ ಅಲ್ಲ, ಸೋಂಕು ಕೊಲ್ಲುವ ಆಂಟಿಬಯೋಟಿಕ್ಕೂ ಅಲ್ಲ; ಚರ್ಮದ ನಡವಳಿಕೆಯನ್ನೇ ತಿದ್ದುವ ಔಷಧಿ, ಮತ್ತು ನಡವಳಿಕೆ ತಿದ್ದಲು ಸಮಯ ಹಿಡಿಯುತ್ತದೆ.

ಇತಿಹಾಸದ ಒಂದು ವಿಷಯ ನನಗೆ ಸ್ವಾರಸ್ಯವೆನಿಸಿತು. ಅಮೆರಿಕದ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ತಮ್ಮ ಸಹೋದ್ಯೋಗಿಗಳೊಂದಿಗೆ ಮೊಡವೆಗೆ ಟ್ರೆಟಿನಾಯಿನ್ ಎಂಬ ರೆಟಿನಾಯ್ಡ್ ಹಚ್ಚುವ ಕುರಿತು ಪ್ರಸಿದ್ಧ ಪ್ರಬಂಧ ಪ್ರಕಟಿಸಿದ್ದು 1969ರಲ್ಲಿ. ಆ ದೇಶದ ಔಷಧಿ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 1971ರಲ್ಲಿ. ಆದರೆ ಅದು ಅಂಟಿಕೊಳ್ಳುವ ಗ್ರಾಹಕ ಪತ್ತೆಯಾದದ್ದು 1987ರಲ್ಲಿ. ಹದಿನಾರು ವರ್ಷ ಜನ ಅದನ್ನು ಹಚ್ಚಿಕೊಂಡು ಗುಣ ಕಂಡರು, ಹೇಗೆ ಎಂಬುದು ಗೊತ್ತಿರಲಿಲ್ಲ. ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು ವೈದ್ಯಕೀಯ ನೀತಿಯ ಚರ್ಚೆಯಲ್ಲಿ ಇವತ್ತಿಗೂ ಕೆಟ್ಟ ಉದಾಹರಣೆಯಾಗಿ ಉಳಿದಿವೆ. ಮುಲಾಮಿನ ಗುಣ ಹೇಳುವಾಗ ಅದನ್ನು ಮುಚ್ಚಿಡುವುದು ಸರಿಯಲ್ಲ.

ಟ್ರೆಟಿನಾಯಿನ್ ಈ ಬಳಗದ ಹಿರಿಯ. ಅದು ಸಾಮಾನ್ಯವಾಗಿ ಶೇ 0.025, 0.05 ಮತ್ತು 0.1ರ ಸಾಂದ್ರತೆಯಲ್ಲಿ ಸಿಗುತ್ತದೆ. ಬೆಳಕಿಗೆ ಬಿದ್ದರೆ ಕೆಡುತ್ತದೆ, ರಾತ್ರಿ ಹಚ್ಚಲು ಹೇಳುವುದಕ್ಕೆ ಅದೊಂದು ಕಾರಣ. ಅಡಾಪಲೀನ್ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕೃತಕ ರೆಟಿನಾಯ್ಡ್, ಶೇ 0.1 ಮತ್ತು 0.3ರಲ್ಲಿ ಇದೆ. ಅದು ಎಲ್ಲ ಗ್ರಾಹಕಗಳಿಗೂ ಅಂಟಿಕೊಳ್ಳದೆ ಕೆಲವನ್ನು ಮಾತ್ರ ಆರಿಸಿಕೊಳ್ಳುವುದರಿಂದ ಉರಿ ಕಡಿಮೆ, ಬೆಳಕಿಗೂ ಬೇಗ ಕೆಡುವುದಿಲ್ಲ. ಅಮೆರಿಕದಲ್ಲಿ 2016ರಿಂದ ಶೇ 0.1ರ ಅಡಾಪಲೀನನ್ನು ಚೀಟಿಯಿಲ್ಲದೆ ಕೊಳ್ಳಬಹುದು. ನಮ್ಮಲ್ಲಿ ಚೀಟಿ ಬೇಕು. ಚೀಟಿ ಕೇಳುವ ಅಂಗಡಿ ಎಷ್ಟಿವೆ ಎಂಬುದು ಬೇರೆ ಮಾತು. ಟಾಜರೊಟೀನ್ ಇವೆರಡಕ್ಕಿಂತ ಬಿರುಸು. ಸೌಂದರ್ಯ ಸಾಮಗ್ರಿಗಳಲ್ಲಿ ಬರುವ ರೆಟಿನಾಲ್ ಈ ಬಳಗದ ದೂರದ ನೆಂಟ: ಚರ್ಮದೊಳಗೆ ಎರಡು ಹಂತಗಳಲ್ಲಿ ಬದಲಾಗಿ ರೆಟಿನಾಯಿಕ್ ಆಮ್ಲವಾದ ಮೇಲಷ್ಟೇ ಅದು ಕೆಲಸಕ್ಕೆ ಬರುತ್ತದೆ, ಆದ್ದರಿಂದ ಬಲ ಬಹಳ ಕಡಿಮೆ. ಮೊಡವೆಗೆ ಅದನ್ನು ನೆಚ್ಚಿಕೊಂಡು ತಿಂಗಳುಗಟ್ಟಲೆ ಕಳೆಯುವುದರಲ್ಲಿ ಅರ್ಥವಿಲ್ಲವೆಂದು ನನ್ನ ಅನಿಸಿಕೆ. ಎ ಜೀವಸತ್ವದ ಗುಳಿಗೆ ನುಂಗಿದರೂ ಈ ಫಲ ಬರುವುದಿಲ್ಲ. ಅತಿಯಾದರೆ ಯಕೃತ್ತಿಗೆ ಅಪಾಯ.

ತಪ್ಪು ತಿದ್ದಿಕೊಂಡ ಮೇಲಿನ ಕಥೆಗೆ ಬರುತ್ತೇನೆ. ವೈದ್ಯರು ನಾಲ್ಕು ದಿನ ಬಿಡುವು ಕೊಟ್ಟು, ನಂತರ ದಿನ ಬಿಟ್ಟು ದಿನ ಹಚ್ಚಲು ಹೇಳಿದರು. ಮುಖ ತೊಳೆದು, ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಟ್ಟು, ಬಟಾಣಿ ಕಾಳಿನಷ್ಟನ್ನು ಬೆರಳ ತುದಿಗೆ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಮೂಗು, ಗದ್ದಕ್ಕೆ ಒಂದೊಂದು ಚುಕ್ಕೆಯಿಟ್ಟು, ತೆಳ್ಳಗೆ ಹರಡುವುದು. ಕಣ್ಣಿನ ಸುತ್ತ, ತುಟಿಯ ಮೂಲೆ ಮತ್ತು ಮೂಗಿನ ಹೊಳ್ಳೆಯ ಮಡಿಕೆಯನ್ನು ಬಿಡುವುದು. ಒದ್ದೆ ಮುಖಕ್ಕೆ ಹಚ್ಚಿದರೆ ಔಷಧಿ ಬೇಗ ಒಳಗಿಳಿದು ಉರಿ ಹೆಚ್ಚುತ್ತದೆ. ಹೆಚ್ಚು ಹಚ್ಚಿದರೆ ಬೇಗ ಗುಣವಾಗುವುದೂ ಇಲ್ಲ. ಬೇಗ ಆಗುವುದು ಸುಲಿತ ಮಾತ್ರ. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಮುಖದ ಮೇಲೆ ಪದರ ಬಿಡುತ್ತದೆ, ತೊಳೆದ ಮೇಲೆ ಚರ್ಮ ಬಿಗಿಯುತ್ತದೆ. ಸ್ನಾನದ ಸೋಪನ್ನು ಬಿಟ್ಟು ಸೌಮ್ಯವಾದ ಕ್ಲೆನ್ಸರಿಗೆ ಬದಲಾಯಿಸಿದ ದಿನದಿಂದ ನನ್ನ ಉರಿ ಅರ್ಧಕ್ಕಿಳಿಯಿತು. ಇದು ನನ್ನೊಬ್ಬಳ ಅನುಭವವೇ ಆದರೂ, ಇದೇ ನೀರು ಕುಡಿಯುವ, ಇದೇ ನೀರಿನಲ್ಲಿ ಮುಖ ತೊಳೆಯುವ ಎಲ್ಲರಿಗೂ ಹೇಳಬೇಕೆನಿಸುತ್ತದೆ.

ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಚರ್ಮ ಒಣಗಿತು. ಬಾಯಿಯ ಸುತ್ತ ಬಿಳಿಯ ಪೊರೆ ಎದ್ದಿತು, ನಕ್ಕರೆ ಎಳೆದಂತಾಗುತ್ತಿತ್ತು, ಉಪ್ಪಿನಕಾಯಿಯ ಖಾರ ತುಟಿಯಂಚಿಗೆ ತಗುಲಿದರೆ ಕಣ್ಣಲ್ಲಿ ನೀರು. ಔಷಧಿ ಹೊರಪದರದ ಜೀವಕೋಶಗಳನ್ನು ಬೇಗಬೇಗ ಉದುರಿಸುವಾಗ, ನೀರನ್ನು ಒಳಗೆ ಹಿಡಿದಿಡುವ ಚರ್ಮದ ತಡೆಗೋಡೆ ಸ್ವಲ್ಪ ಕಾಲ ಸಡಿಲಾಗುತ್ತದೆ. ಇದು ಅಲರ್ಜಿಯಲ್ಲ, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಚರ್ಮ ಒಗ್ಗಿಕೊಳ್ಳುತ್ತದೆ. ಅಲ್ಲಿಯವರೆಗೆ ಮಾಯಿಶ್ಚರೈಸರನ್ನು ಮುಲಾಮಿಗಿಂತ ಮೊದಲೊಮ್ಮೆ, ನಂತರವೊಮ್ಮೆ ಹಚ್ಚಬಹುದು. ಎರಡು ಪದರಗಳ ನಡುವೆ ಔಷಧಿ ಇರುವುದರಿಂದ ಉರಿ ತಗ್ಗುತ್ತದೆ. ಅದೂ ತಾಳದವರಿಗೆ ಮುಲಾಮನ್ನು ಅರ್ಧ ತಾಸು ಮಾತ್ರ ಇಟ್ಟುಕೊಂಡು ತೊಳೆದುಬಿಡುವ ಕ್ರಮವನ್ನೂ ವೈದ್ಯರು ಹೇಳುತ್ತಾರೆ. ಆದರೆ ಮುಖ ಊದಿಕೊಂಡರೆ, ನೀರು ಒಸರಿದರೆ, ತುರಿಕೆಯ ಗುಳ್ಳೆಗಳೆದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಅದು ಒಗ್ಗಿಕೊಳ್ಳುವ ಲಕ್ಷಣವಲ್ಲ.

ಐದನೆಯ ವಾರ ಇನ್ನೂ ಕೆಟ್ಟದಾಗಿತ್ತು. ಕೆನ್ನೆಯ ಮೇಲೆ, ಎಂದೂ ಮೊಡವೆಯಾಗದ ಜಾಗದಲ್ಲಿ, ಒಟ್ಟಿಗೆ ಆರೇಳು ಎದ್ದವು. ಕೊಪ್ಪಳದಲ್ಲಿ ಚಿಕ್ಕಮ್ಮನ ಮಗಳ ಮದುವೆ, ಹೋದಲ್ಲೆಲ್ಲ ಒಂದೇ ಪ್ರಶ್ನೆ, "ಯವ್ವಾ, ಮಾರಿಗೆ ಏನಾಗ್ಯಾದ? ಉಷ್ಣ ಆಗಿರಬೇಕು." ಒಬ್ಬರು ನಿಂಬೆರಸ ಎಂದರು, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟ್ ಎಂದರು. ಈಗಾಗಲೇ ಸುಲಿದ ಚರ್ಮಕ್ಕೆ ಇವೆರಡೂ ಕೆಂಡವಿದ್ದಂತೆ. ಬಹಳಷ್ಟು ಜನ ಈ ಮುಲಾಮನ್ನು ಬಿಟ್ಟುಬಿಡುವುದು ಈ ವಾರದಲ್ಲಿಯೇ, ಮತ್ತು ಬಿಟ್ಟವರು ಅದು ತಮಗೆ ಆಗಿಬರಲಿಲ್ಲವೆಂದು ಜೀವನಪೂರ್ತಿ ಹೇಳಿಕೊಂಡು ತಿರುಗುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಪರ್ಜಿಂಗ್ ಎನ್ನುತ್ತಾರೆ. ಆಗುತ್ತಿರುವುದೇನೆಂದರೆ, ನಾಳದೊಳಗೆ ಆಗಲೇ ಕಟ್ಟಿಕೊಂಡಿದ್ದ, ಒಂದೊಂದಾಗಿ ಮುಂದೆಂದೋ ಮೇಲೆ ಬರಬೇಕಿದ್ದ ಬಿರಡೆಗಳು ಔಷಧಿಯ ಪ್ರಭಾವದಿಂದ ಒಟ್ಟಿಗೆ ಹೊರಬೀಳುವುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಅದು ಸಾಮಾನ್ಯವಾಗಿ ಮೊದಲ ಆರೆಂಟು ವಾರಗಳಲ್ಲಿ ಬಂದು ಇಳಿಯುತ್ತದೆ. ಮೂರು ತಿಂಗಳು ಕಳೆದ ಮೇಲೂ ಹೆಚ್ಚುತ್ತಲೇ ಇದ್ದರೆ ಅದನ್ನು ಪರ್ಜಿಂಗ್ ಎಂದು ಸಮಾಧಾನ ಮಾಡಿಕೊಳ್ಳದೆ ಚಿಕಿತ್ಸೆ ಬದಲಿಸುವ ಬಗ್ಗೆ ಕೇಳಬೇಕು.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಮತ್ತೆ ಕೊಪ್ಪಳಕ್ಕೆ ಹೋದಾಗ ಹೊಸ ಮೊಡವೆಗಳು ವಾರಕ್ಕೊಂದಕ್ಕೆ ಇಳಿದಿದ್ದವು, ಫೆಬ್ರುವರಿ ನಡುವಿನ ಹೊತ್ತಿಗೆ, ಸರಿಯಾಗಿ ಹಚ್ಚತೊಡಗಿ ಹನ್ನೆರಡು ವಾರಗಳಾದಾಗ, ಗದ್ದ ಬಯಲಾಗಿತ್ತು. ಹನ್ನೆರಡು ವಾರವೆಂಬ ಅವಧಿ ಪುಸ್ತಕದಿಂದ ಬಂದ ಅಂಕಿಯಲ್ಲ, ಬಿರಡೆ ಮೊಡವೆಯಾಗಲು ಹಿಡಿಯುವ ಕಾಲವೂ, ಚರ್ಮ ತನ್ನ ಹೊರಪದರವನ್ನು ಕೆಲವು ಸಲ ಹೊಸದಾಗಿಸಿಕೊಳ್ಳುವ ಕಾಲವೂ ಅದರೊಳಗೆ ಬರುತ್ತವೆ.

ಈ ನಡುವೆ ಬೆಳಗಿನ ಹೊತ್ತಿಗೆಂದು ಶೇ 2.5ರ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್ಲನ್ನೂ ಬರೆದಿದ್ದರು. ಒಡೆದ ಕಾಲುವೆಗೆ ಮರಳಿನ ಚೀಲ ಎಂದೆನಲ್ಲ, ಇದು ಅದು: ನಾಳದೊಳಗೆ ಆಮ್ಲಜನಕ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಮತ್ತು ಬ್ಯಾಕ್ಟೀರಿಯಾಗಳು ಇದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಕ್ಲಿಂಡಮೈಸಿನ್‌ನಂತಹ ಆಂಟಿಬಯೋಟಿಕ್ ಜೆಲ್ಲನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚಿದರೆ ಪ್ರತಿರೋಧ ಬೆಳೆಯುತ್ತದೆ; ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಮಾತ್ರ ಅದೇ. ಟ್ರೆಟಿನಾಯಿನ್ ಮತ್ತು ಬೆಂಜಾಯ್ಲ್ ಪೆರಾಕ್ಸೈಡನ್ನು ಒಟ್ಟಿಗೆ ಹಚ್ಚಿದರೆ ಎರಡನೆಯದು ಮೊದಲನೆಯದನ್ನು ಕೆಡಿಸಬಹುದು, ಹಾಗಾಗಿ ಒಂದು ಬೆಳಿಗ್ಗೆ, ಒಂದು ರಾತ್ರಿ. ಅಡಾಪಲೀನಿಗೆ ಆ ತೊಂದರೆಯಿಲ್ಲ. ಯಾರೂ ಮೊದಲೇ ಹೇಳದ ಸಂಗತಿಯೆಂದರೆ ಬೆಂಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣವನ್ನು ತಿನ್ನುತ್ತದೆ. ನನ್ನ ನೀಲಿ ಟವೆಲು ಮತ್ತು ಒಂದು ದುಪಟ್ಟಾ ಈಗ ಕಿತ್ತಳೆ ಬಣ್ಣದ ಮೋಡಗಳನ್ನು ಹೊತ್ತಿವೆ.

ಬಿಸಿಲಿನ ವಿಷಯವನ್ನು ಬಿಸಿಲ ನಾಡಿನಲ್ಲಿ ಕುಳಿತು ಸ್ವಲ್ಪ ವಿವರವಾಗಿ ಹೇಳಬೇಕು. ರೆಟಿನಾಯ್ಡ್ ಹಚ್ಚಿದ ಚರ್ಮದ ಮೇಲಿನ ಸತ್ತ ಪದರ ತೆಳುವಾಗಿರುತ್ತದೆ, ಕೆರಳಿರುತ್ತದೆ, ಬಿಸಿಲಿಗೆ ಬೇಗ ಕೆಂಪಾಗುತ್ತದೆ. ಆದರೆ ನಮ್ಮಂಥ ಕಂದು ಬಣ್ಣದ ಚರ್ಮದವರ ನಿಜವಾದ ಸಂಕಟ ಕೆಂಪಲ್ಲ, ಕಪ್ಪು. ಮೊಡವೆಯಾಗಲಿ, ಔಷಧಿಯ ಉರಿಯಾಗಲಿ, ಉಗುರಿನ ಗೀರಾಗಲಿ, ಚರ್ಮದಲ್ಲಿ ಉರಿಯೂತವಾದ ಕಡೆಯೆಲ್ಲ ವರ್ಣದ್ರವ್ಯ ಹೆಚ್ಚು ಸುರಿದು ಕಪ್ಪು ಕಲೆಯುಳಿಯುತ್ತದೆ, ಮತ್ತು ಬಿಸಿಲು ಆ ಕಲೆಯನ್ನು ತಿಂಗಳುಗಟ್ಟಲೆ ಗಟ್ಟಿಗೊಳಿಸುತ್ತದೆ. ಎಷ್ಟೋ ಜನ ಕಲೆಯನ್ನೇ ಮೊಡವೆಯೆಂದು ತಿಳಿದು ಇನ್ನಷ್ಟು ಮುಲಾಮು ಒತ್ತುತ್ತಾರೆ, ಅದರಿಂದ ಉರಿ, ಉರಿಯಿಂದ ಮತ್ತೆ ಕಲೆ. ಗೋಧಿಬಣ್ಣದಿಂದ ಹಿಡಿದು ಕಡುಕಪ್ಪಿನವರೆಗಿನ ಮುಖಗಳಿಗೆ ಕಡಿಮೆ ಸಾಂದ್ರತೆಯಿಂದ, ಮೆಲ್ಲಗೆ ಆರಂಭಿಸಲು ಹೇಳುವುದು ಇದಕ್ಕಾಗಿ. ಇನ್ನೊಂದೆಡೆ, ತಾಳ್ಮೆಯಿಂದ ಹಚ್ಚಿದರೆ ಇದೇ ರೆಟಿನಾಯ್ಡ್ ಆ ಕಲೆಗಳನ್ನೂ ನಿಧಾನವಾಗಿ ತಿಳಿಗೊಳಿಸುತ್ತದೆ.

ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಬಿಸಿಲಿನ ಯುವಿಎ ಮತ್ತು ಯುವಿಬಿ ಎಂಬ ಎರಡೂ ಬಗೆಯ ಅತಿನೇರಳೆ ಕಿರಣಗಳನ್ನು ತಡೆಯುವ ಸನ್‌ಸ್ಕ್ರೀನನ್ನು ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ತೆಗೆದುಕೊಂಡು ಮುಖ, ಕುತ್ತಿಗೆಗೆ ಹಚ್ಚಬೇಕು. ಏಪ್ರಿಲಿನಲ್ಲಿ 40 ಡಿಗ್ರಿ ದಾಟಿ ಬೆವರು ಸುರಿಯುವಾಗ ಎರಡು ತಾಸಿಗೊಮ್ಮೆ ಮತ್ತೆ. ಸ್ಕೂಟಿಯ ಮೇಲೆ ಶಾಲೆಗೆ ಹೋಗುವ ನಾನು ಅದರ ಮೇಲೆ ಹತ್ತಿಯ ಬಟ್ಟೆಯನ್ನೂ ಸುತ್ತಿಕೊಳ್ಳುತ್ತೇನೆ. ಬಸ್ಸಿನ ಗಾಜು ಯುವಿಬಿಯನ್ನು ಬಹುಪಾಲು ತಡೆದರೂ ಯುವಿಎ ಒಳಗೆ ಬರುತ್ತದೆ, ಆದ್ದರಿಂದ ರಾಯಚೂರಿಗೆ ಹೋಗುವಾಗ ಕಿಟಕಿಯ ಪಕ್ಕದ ಸೀಟನ್ನೂ ಬಿಟ್ಟುಕೊಟ್ಟಿದ್ದೇನೆ. ಕಪ್ಪು ಕಲೆಯನ್ನು ಗಟ್ಟಿಗೊಳಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ, ಅದನ್ನು ಸಾಧಾರಣ ಸನ್‌ಸ್ಕ್ರೀನ್ ತಡೆಯುವುದಿಲ್ಲ. ಬಣ್ಣ ಬೆರೆಸಿದ, ಅಂದರೆ ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ತಡೆಯುತ್ತದೆ. ಸಂಡೂರಿನ ಬೆಟ್ಟಗಳ ಅದಿರು, ಹೆಮಟೈಟ್, ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದೇ ಐರನ್ ಆಕ್ಸೈಡ್. ಲಾರಿಗಳಿಂದ ಹಾರಿ ಬಳ್ಳಾರಿ ಸೀಮೆಯವರ ಮುಖಕ್ಕೆ ವರ್ಷಗಟ್ಟಲೆ ಮೆತ್ತಿದ ಕೆಂಪು ಧೂಳಿನ ಶುದ್ಧ ರೂಪವನ್ನು ಈಗ ದುಡ್ಡು ಕೊಟ್ಟು ಹಚ್ಚಿಕೊಳ್ಳುತ್ತಿದ್ದೇವೆ ಎಂದು ನಮ್ಮ ಶಾಲೆಯ ವಿಜ್ಞಾನದ ಶಿಕ್ಷಕರು ನಗುತ್ತಾರೆ. (ರಸ್ತೆಯ ಧೂಳು ಸನ್‌ಸ್ಕ್ರೀನ್ ಆಗುವುದಿಲ್ಲ.)

ಇನ್ನು, ನಾನು ಈ ಲೇಖನ ಬರೆಯಲು ಕುಳಿತದ್ದಕ್ಕೆ ಅರ್ಧ ಕಾರಣವಾದ ವಿಷಯ. ವೈದ್ಯರ ಬಳಿ ಹೋಗುವುದಕ್ಕೂ ಎರಡು ವರ್ಷ ಮೊದಲು ಊರಿನ ಒಂದು ಔಷಧಿ ಅಂಗಡಿಯಲ್ಲಿ ಮೊಡವೆಗೆ ಏನಾದರೂ ಕೊಡಿ ಎಂದಾಗ ಒಂದು ಟ್ಯೂಬ್ ಕೊಟ್ಟಿದ್ದರು. ನಾಲ್ಕೇ ದಿನದಲ್ಲಿ ಮುಖ ಹೊಳೆಯಿತು, ಬಣ್ಣ ತಿಳಿಯಾಯಿತು, ನೆರೆಯವರು ಹೆಸರು ಕೇಳಿ ಬರೆದುಕೊಂಡರು. ಮೂರು ತಿಂಗಳಾದ ಮೇಲೆ ಒಂದು ದಿನ ಹಚ್ಚದಿದ್ದರೂ ಮುಖ ಉರಿಯತೊಡಗಿತು, ಒಂದೇ ತೆರನಾದ ಸಣ್ಣ ಕೆಂಪು ಗುಳ್ಳೆಗಳು ಎದ್ದವು, ಮೇಲ್ದುಟಿಯ ಮೇಲೆ ಕೂದಲು ದಪ್ಪಗಾದವು. ಆ ಟ್ಯೂಬಿನ ಮೇಲೆ ಮೂರು ಹೆಸರುಗಳಿದ್ದವು: ಬಣ್ಣ ತಿಳಿಗೊಳಿಸುವ ಹೈಡ್ರೊಕ್ವಿನೋನ್, ಸ್ಟೀರಾಯ್ಡ್ ಆದ ಮೊಮೆಟಾಸೋನ್, ಮತ್ತು ಟ್ರೆಟಿನಾಯಿನ್. ಮೂರನೆಯ ಹೆಸರು ನಿಜವಾದ ರೆಟಿನಾಯ್ಡ್ ಆದ್ದರಿಂದ ಗೊಂದಲ ಇನ್ನೂ ಹೆಚ್ಚು. ಇದೂ ಕ್ಲಿಗ್‌ಮನ್ ಅವರ ಹೆಸರಿಗೇ ತಳುಕು ಹಾಕಿಕೊಂಡಿದೆ: 1975ರಲ್ಲಿ ಅವರು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಬೆರೆಸಿದ ಸೂತ್ರವನ್ನು ಪ್ರಕಟಿಸಿದರು. ಅದು ವರ್ಣದ್ರವ್ಯದ ತೊಂದರೆಗೆ ಹುಟ್ಟಿದ ಸೂತ್ರ. ಆ ಜಾಡಿನ ಇಂದಿನ ಮಿಶ್ರಣಗಳು ಬಂಗು ಎಂಬ ಮುಖದ ಕಂದು ಕಲೆಗಳಿಗೆ (ಮೆಲಾಸ್ಮಾ), ಅದೂ ಕೆಲವೇ ವಾರಗಳ ಮಟ್ಟಿಗೆ, ವೈದ್ಯರ ಕಣ್ಣಳತೆಯಲ್ಲಿ ಬಳಸಬೇಕಾದವು. ನಮ್ಮಲ್ಲಿ ಅವು ಬಿಳಿಯಾಗುವ ಕ್ರೀಮಿನ ಹೆಸರಿನಲ್ಲಿ ಕಿರಾಣಿ ಸಾಮಾನಿನಂತೆ ಕೈಬದಲಾಗುತ್ತಿವೆ.

ಸ್ಟೀರಾಯ್ಡ್ ಉರಿಯೂತವನ್ನು ಅಮುಕುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅದರಿಂದ ಮೊದಲ ವಾರಗಳ ಆ ಹೊಳಪು. ದಿನಗಳೆದಂತೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಜೇಡನ ಬಲೆಯಂತೆ ಮೇಲೆ ಕಾಣುತ್ತವೆ, ಸ್ಟೀರಾಯ್ಡೇ ಹೊಸ ತರಹದ ಮೊಡವೆ ಎಬ್ಬಿಸುತ್ತದೆ, ಬಿಟ್ಟರೆ ಮುಖ ಕೆಂಡವಾಗುತ್ತದೆ, ಉರಿ ತಾಳದೆ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಅಡಿಗೆ ತಂದು ಚೀಟಿ ಕಡ್ಡಾಯ ಮಾಡಿತು. ಕಾನೂನು ದೆಹಲಿಯಲ್ಲಿದೆ, ಟ್ಯೂಬ್ ಮಾರುವವನ ಗಲ್ಲಾಪೆಟ್ಟಿಗೆ ಇಲ್ಲಿದೆ. ಕೊಳ್ಳುವವರು ಮಾಡಬಹುದಾದದ್ದು ಇಷ್ಟು: ಬ್ರಾಂಡಿನ ದೊಡ್ಡಕ್ಷರವನ್ನು ಬಿಟ್ಟು ಅದರ ಕೆಳಗಿನ ಸಣ್ಣಕ್ಷರ ಓದುವುದು. ಮೊಮೆಟಾಸೋನ್, ಬೀಟಾಮೆಥಾಸೋನ್, ಡೆಕ್ಸಾಮೆಥಾಸೋನ್, ಫ್ಲೂಸಿನೊಲೋನ್, ಕ್ಲೊಬೆಟಾಸೋಲ್, ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಮೊಡವೆಗೆ ಅದು ಮದ್ದಲ್ಲ. ತಿಂಗಳುಗಟ್ಟಲೆ ಹಚ್ಚಿ ಅಭ್ಯಾಸವಾಗಿಬಿಟ್ಟವರು ಒಮ್ಮೆಲೇ ನಿಲ್ಲಿಸುವ ಸಾಹಸ ಮಾಡದೆ, ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮರೋಗ ತಜ್ಞರಲ್ಲಿಗೆ ಹೋಗಬೇಕು. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ.

ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಎಚ್ಚರಿಕೆಯೊಂದನ್ನು ನಾಚಿಕೆ ಬದಿಗಿಟ್ಟು ಹೇಳಬೇಕು. ಗರ್ಭಿಣಿಯರು ಮತ್ತು ಗರ್ಭ ಧರಿಸುವ ಯೋಚನೆಯಲ್ಲಿರುವವರು ರೆಟಿನಾಯ್ಡ್ ಮುಲಾಮನ್ನು ಬಳಸಬಾರದು. ಮುಲಾಮಿನಿಂದ ರಕ್ತಕ್ಕೆ ಸೇರುವ ಪ್ರಮಾಣ ತೀರ ಕಡಿಮೆ. ಆದರೆ ಇದೇ ಬಳಗದ ಐಸೊಟ್ರೆಟಿನಾಯಿನ್ ಗುಳಿಗೆ ಗರ್ಭದ ಶಿಶುವಿಗೆ ತೀವ್ರ ಅಂಗವೈಕಲ್ಯ ಉಂಟುಮಾಡುವುದು ಖಚಿತವಾಗಿರುವುದರಿಂದ, ಮುಲಾಮಿನ ವಿಷಯದಲ್ಲೂ ವೈದ್ಯರು ರಾಜಿ ಮಾಡಿಕೊಳ್ಳುವುದಿಲ್ಲ. ಮದುವೆಯ ಮುಂಚೆ ಮುಖ ತಿಳಿಯಾಗಲೆಂದು ಆರಂಭಿಸಿ, ಮದುವೆಯಾದ ಮೇಲೂ ಯಾರಿಗೂ ಹೇಳದೆ ಮುಂದುವರಿಸುವ ಹುಡುಗಿಯರು ನಮ್ಮ ಸುತ್ತ ಇದ್ದಾರೆ. ಅತ್ತೆಯ ಮನೆಯಲ್ಲಿ ಹೇಳದಿದ್ದರೂ ವೈದ್ಯರಿಗೆ ಹೇಳಲೇಬೇಕು; ಆ ಅವಧಿಗೆ ಅಜೆಲಾಯಿಕ್ ಆಮ್ಲದಂತಹ ಬೇರೆ ಮುಲಾಮುಗಳಿವೆ.

ಗಂಟುಗಂಟಾಗಿ ಆಳದಲ್ಲಿ ಏಳುವ, ಗುಣಿ ಬೀಳಿಸುವ ಮೊಡವೆಗೆ ಮುಲಾಮೊಂದೇ ಸಾಲದು, ಕಾಯುವುದೂ ಸರಿಯಲ್ಲ. ಮುಟ್ಟು ಏರುಪೇರಾಗಿ, ಮುಖದಲ್ಲಿ ಕೂದಲೂ ಬೆಳೆಯುತ್ತಿದ್ದರೆ ಹಾರ್ಮೋನಿನ ತಪಾಸಣೆ ಬೇಕು.

ನನ್ನ ಮುಖ ತಿಳಿಯಾದ ಮೇಲೆ, ಮಾರ್ಚಿನಲ್ಲಿ, ಇನ್ನೇನು ಮುಗಿಯಿತೆಂದು ಮುಲಾಮನ್ನು ಬಿಟ್ಟೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಗದ್ದದ ಮೇಲೆ ಮತ್ತೆ ಮೂರು. ಹೂಳೆತ್ತಿದ ಕಾಲುವೆಗೆ ಮರುವರ್ಷ ಹೂಳು ಬರುವುದಿಲ್ಲವೆಂದು ಯಾವ ರೈತನೂ ನಂಬುವುದಿಲ್ಲ, ನಾನು ನಂಬಿದ್ದೆ. ಗ್ರಂಥಿ ಅದೇ, ಜಿಡ್ಡು ಅದೇ, ಜೀವಕೋಶಗಳ ಅಂಟು ಸ್ವಭಾವವೂ ಅದೇ, ಔಷಧಿ ಇರುವಷ್ಟು ದಿನ ಮಾತ್ರ ಅವು ಹದ್ದಿನಲ್ಲಿರುತ್ತವೆ. ಆದ್ದರಿಂದಲೇ ವೈದ್ಯರು ಉಳಿದ ಔಷಧಿಗಳನ್ನೆಲ್ಲ ನಿಲ್ಲಿಸಿದ ಮೇಲೂ ರೆಟಿನಾಯ್ಡನ್ನು ವಾರಕ್ಕೆ ಕೆಲವು ರಾತ್ರಿಯಾದರೂ ಮುಂದುವರಿಸಲು ಹೇಳುತ್ತಾರೆ. ಈಗ ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಹಚ್ಚುತ್ತೇನೆ. ಬಟಾಣಿ ಕಾಳಿನಷ್ಟೇ ತೆಗೆದುಕೊಳ್ಳುವುದರಿಂದ ಒಂದು ಟ್ಯೂಬ್ ತಿಂಗಳುಗಟ್ಟಲೆ ಬರುತ್ತದೆ, ಅಷ್ಟು ದಿನ ಅದನ್ನು ಕೆಡದಂತೆ ಇಡುವುದೇ ನಮ್ಮ ಊರಿನಲ್ಲಿ ದೊಡ್ಡ ಕೆಲಸ. ಟ್ಯೂಬಿನ ಮೇಲೆ 30 ಡಿಗ್ರಿಗಿಂತ ಕೆಳಗಿಡಿ ಎಂದಿದೆ, ಮೇ ತಿಂಗಳಲ್ಲಿ ನಮ್ಮ ಮಲಗುವ ಕೋಣೆಯ ಗೋಡೆಯೇ ನಡುರಾತ್ರಿಯವರೆಗೆ ಅದಕ್ಕಿಂತ ಬಿಸಿಯಾಗಿರುತ್ತದೆ. ಹಾಗಾಗಿ ಅದು ಫ್ರಿಜ್ಜಿನ ಬಾಗಿಲಿನಲ್ಲಿ, ಅವ್ವನ ಶೇಂಗಾ ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲಿ ಇರುತ್ತದೆ, ಮಂಜುಗಟ್ಟುವ ಮೇಲಿನ ಅಂಕಣದಿಂದ ದೂರ.